ಕೂತದ್ದಲ್ಲ, ಇಟ್ಟದ್ದು

ಫ್ರಿಜ್ಜಿನ ಬಾಗಿಲು ತೆಗೆದಾಗೆಲ್ಲ ಫ್ರೌಕೆಯ ಕಣ್ಣು ತಾನಾಗಿ ಕೆಳಗಿನ ತರಕಾರಿ ಖಾನೆಗೆ ಹೋಗುತ್ತಿತ್ತು. ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಅರ್ಧ ಎಲೆಕೋಸು, ಒಂದಷ್ಟು ಕ್ಯಾರೆಟ್ಟು, ಗಂಡ ಸಿಪ್ಕೊ ಮುಟ್ಟದೆ ಬಿಟ್ಟ ಮೂಲಂಗಿ. ಆದರೆ ಬಲಗಡೆಯ ಮೂಲೆ ಖಾಲಿ. ಕಳೆದ ತಿಂಗಳು ಆ ಮೂಲೆಯಲ್ಲಿ ಮುಚ್ಚಳದ ಒಂದು ಪುಟ್ಟ ಡಬ್ಬಿ ಇತ್ತು. ಡಬ್ಬಿ ಹೋದಮೇಲೂ ಅವಳ ಕೈ ಆ ಜಾಗದಲ್ಲಿ ಬೇರೇನನ್ನೂ ಇಡಲೊಪ್ಪದೆ, ತಂದ ತರಕಾರಿಯನ್ನೆಲ್ಲ ಎಡಕ್ಕೆ ಒತ್ತರಿಸಿಕೊಂಡು ಬಂದಿತ್ತು. ಕೇಕಿಗೆಂದು ಬೆಣ್ಣೆ ತೆಗೆಯಲು ಬಗ್ಗಿದಾಗ ಇದನ್ನು ಮೊದಲ ಸಲ ಗಮನಿಸಿದಳು. ಗಮನಿಸಿ, ಬಾಗಿಲು ಮುಚ್ಚದೆ ಹಾಗೇ ನಿಂತಳು. ಮೊಣಕಾಲಿಗೆ ತಣ್ಣನೆಯ ಗಾಳಿ ಬಡಿಯುತ್ತಿತ್ತು. ಒಳಗೆಲ್ಲೋ ಯಂತ್ರ ಸಣ್ಣಗೆ ಗುಂಯ್‌ಗುಟ್ಟಲು ಶುರುಮಾಡಿತು. "ಬಾಗಿಲು ಹಾಕೇ, ಇಡೀ ಊರನ್ನ ತಂಪು ಮಾಡ್ತೀಯಾ?" ಎಂದ ಸಿಪ್ಕೊ, ರೊಟ್ಟಿಯ ಮೇಲೆ ಚಾಕೊಲೇಟ್ ಕಾಳು ಉದುರಿಸಿಕೊಳ್ಳುತ್ತ. ರಟ್ಟಿನ ಕಾರ್ಖಾನೆಯ ಕೆಲಸ ಬಿಟ್ಟ ಮೇಲೆ ಅವನಿಗೆ ತಮಾಷೆ ಮಾಡಲು ದಿನವಿಡೀ ಪುರುಸೊತ್ತು. ಡಬ್ಬಿ ಇದ್ದಾಗಲೂ ಅಷ್ಟೆ, ಚೀಸ್ ತೆಗೆಯಲು ಹೋದಾಗೆಲ್ಲ ಇವತ್ತು ಊಟಕ್ಕೆ ಯಾರ್ಯಾರು ಬಂದಿದ್ದಾರೆ ಎಂದು ವಿಚಾರಿಸುತ್ತಿದ್ದ. ಆಗ ಅವಳೂ ನಕ್ಕಿದ್ದಳು. ಇವತ್ತು ಸೋಮವಾರ, ಮನೆಯ ಮುಂದಿನ ಕೋಣೆಯಲ್ಲಿರುವ ಅವಳ ಕ್ಷೌರದಂಗಡಿಗೆ ರಜೆ. ಸಂಜೆ ಫೋಟೋ ಸಂಘದ ಸಭೆ. ಕಳೆದ ಸಲದ ಸ್ಪರ್ಧೆಯಲ್ಲಿ ಗೆದ್ದವರು ಈ ಸಲ ಕೇಕು ತರಬೇಕು, ತಂದು, ಚಿತ್ರವನ್ನು ಪರದೆಯ ಮೇಲೆ ದೊಡ್ಡದಾಗಿ ಹಾಕಿ, ಅದನ್ನು ಹೇಗೆ ತೆಗೆದದ್ದೆಂದು ಎಲ್ಲರಿಗೂ ಹೇಳಬೇಕು. ಗೆದ್ದವಳು ಫ್ರೌಕೆ.

ಸಾಯಿಸಬೇಕೆಂದು ಮಾಡಿದ್ದಲ್ಲ. ಏಪ್ರಿಲ್ ಪೂರ್ತಿ ಸಮುದ್ರದ ಕಡೆಯಿಂದ ಗಾಳಿ. ತೋಟದಲ್ಲಿ ಹೂವೊಂದು ಕಣ್ಣೆದುರು ನಿಲ್ಲುತ್ತಿರಲಿಲ್ಲ. ಚಿತ್ರ ಕಳಿಸಲು ಕೊನೆಯ ದಿನ ಹತ್ತಿರ ಬಂದಿತ್ತು. ಹುಳವನ್ನು ಸ್ವಲ್ಪ ಹೊತ್ತು ತಣ್ಣಗಿಟ್ಟರೆ ಅದು ಮಂಕಾಗಿ, ಮತ್ತೆ ಬೆಚ್ಚಗಾಗುವವರೆಗೆ ಅಲ್ಲಾಡದೆ ಕೂತಿರುತ್ತದೆಂದು ಎಲ್ಲೋ ಕೇಳಿದ್ದಳು. ಸಂಘದಲ್ಲಿ ಅದಕ್ಕೆ ಒಪ್ಪಿಗೆಯಿಲ್ಲ. ಜೀವಂತ ಪ್ರಕೃತಿಯ ವಿಭಾಗದಲ್ಲಿ ಹುಳ ಬದುಕಿರಬೇಕು, ಅದರ ಪಾಡಿಗೆ ಅದು ಇರಬೇಕು, ಕೈ ಹಾಕಬಾರದು. ಸ್ವಲ್ಪ ಹೊತ್ತು ತಾನೆ, ಆಮೇಲೆ ಹಾರಿಹೋಗುತ್ತದಲ್ಲ ಎಂದುಕೊಂಡು ಅವಳು ಡಬ್ಬಿಯನ್ನು ಮೂಲೆಗಿಟ್ಟಳು, ಅಷ್ಟರಲ್ಲಿ ಅಕ್ಕ ಗೇರ್ಟಾಳ ಫೋನು ಬಂತು. ತೀರಿಹೋದ ಅಮ್ಮನ ಕಪಾಟಿನ ಬಟ್ಟೆ ಯಾರಿಗೆ, ಗಡಿಯಾರ ಯಾರಿಗೆ, ಕೊನೇ ವಾರದಲ್ಲಿ ಯಾರು ಎಷ್ಟು ಸಲ ಹೋಗಿ ಕೂತರು. ಮಾತು ಮುಗಿಸಿ ಬಟ್ಟೆ ಒಣಗಹಾಕಿ, ಗಿರಾಕಿಯೊಬ್ಬಳ ತಲೆಗೆ ಬಣ್ಣ ಹಚ್ಚಿ, ಮರುದಿನ ಬೆಳಿಗ್ಗೆ ಹಾಲಿಗೆಂದು ಫ್ರಿಜ್ಜು ತೆಗೆದಾಗ ಡಬ್ಬಿ ನೆನಪಾಯಿತು. ಹಿಂಬದಿಯ ಗೋಡೆಗೆ ತಾಗಿಕೊಂಡಿದ್ದ ಅದರ ಒಳಗೆಲ್ಲ ಮಂಜು ಕಟ್ಟಿತ್ತು. ಹಿಂಡಿಲ್ಲದೆ ಬದುಕುವ ಜಾತಿಯ, ಕೆಂಪು ಕೂದಲಿನ ಒಂಟಿ ಜೇನ್ನೊಣ, ಗಂಡು, ಮುಖದ ಮೇಲೆ ಮುದುಕರ ಮೀಸೆಯಂತೆ ಬಿಳಿಯ ಕೂದಲಿನ ಗೊಂಚಲು. ಬಿಸಿಲಿಗೆ ಹಿಡಿದಳು. ಬಾಯಿಂದ ಬೆಚ್ಚಗೆ ಊದಿದಳು. ಕೊನೆಗೆ ಒಂದು ಬಿಳಿ ಹೂವಿನ ಮೇಲೆ ಸೂಜಿಮೊನೆಯಷ್ಟು ಜೇನು ಸವರಿ, ಅದರ ಮೇಲೆ ಹುಳವನ್ನಿಟ್ಟು, ಅಂಗಡಿಯಲ್ಲಿ ಕೂದಲಿಗೆ ನೀರು ಚಿಮುಕಿಸುವ ಸೀಸೆಯಿಂದ ಮೇಲೆ ಹನಿ ಚಿಮುಕಿಸಿದಳು. ಕಾಲುಗಳನ್ನು ಸೂಜಿಯಿಂದ ಒಂದೊಂದಾಗಿ ಬಿಡಿಸಿದಳು. ಕಣ್ಣಿಗೊಂದು, ಕಾಲಿಗೊಂದು ಎಂದು ಹಲವು ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಒಂದಾಗಿಸಿ, ಇನ್ನೂ ಬೇಕಾದೀತೆಂದು ಹುಳವನ್ನು ಕೆಲವು ದಿನ ಅದೇ ಡಬ್ಬಿಯಲ್ಲಿ, ಅದೇ ಮೂಲೆಯಲ್ಲಿಟ್ಟುಕೊಂಡಳು. ಇಷ್ಟೆಲ್ಲ ಮಾಡುವಾಗ ಮನಸ್ಸಿಗೆ ಕೆಡುಕೆನಿಸಿರಲಿಲ್ಲ ಎಂಬುದೇ ಈಗ ಅವಳಿಗೆ ಹೆಚ್ಚು ಚುಚ್ಚುತ್ತಿತ್ತು. ಮದುವೆಯ ಹೆಣ್ಣಿಗೆ ತಲೆ ಬಾಚುವಾಗ ಕೈಗಿರುವ ಗಮನವೇ ಆಗಲೂ ಇತ್ತು, ಖುಷಿಯೂ ಇತ್ತು.

ಕೇಕನ್ನು ಒಲೆಗಿಟ್ಟು, ಅದನ್ನು ಸರಿಯಾದ ಹೊತ್ತಿಗೆ ತೆಗೆಯಲು ಸಿಪ್ಕೊಗೆ ಹೇಳಿ, ಅವಳು ಸೈಕಲ್ ಹತ್ತಿ ಕಾಲುವೆಯ ಪಕ್ಕದ ತೋಟಕ್ಕೆ ಹೊರಟಳು. ಊರವರಿಗೆ ಬಾಡಿಗೆಗೆ ಕೊಡುವ ತುಂಡುತೋಟಗಳಲ್ಲಿ ಅದೊಂದು. ಅಮ್ಮನ ಕಾಲದಿಂದ ಇದ್ದದ್ದು, ಅಮ್ಮ ಹೋದಮೇಲೆ ಇವಳಿಗೆ ಬಂದದ್ದು. ಬೇಲಿಯಾಚೆಯ ತೋಟ ಹಾರ್ಮೆನ್‌ನದು. ಹೋದ ವಸಂತದಲ್ಲಿ ಅಮ್ಮನ ಆಲೂಗಡ್ಡೆ ಸಾಲು ಅಗೆಯುತ್ತ ಇವಳು ಸುಮ್ಮನೆ ಕೂತುಬಿಟ್ಟಿದ್ದಾಗ ಆ ಮುದುಕ ಬೇಲಿಯ ಮೇಲಿಂದ ಒಂದು ಕ್ಯಾಮೆರಾ ಚಾಚಿದ್ದ. ಅದರ ಮುಂದೆ ಮಸೂರವನ್ನು ತಿರುಗಾಮುರುಗಾ ಹಿಡಿದಿದ್ದ. ಇದು ತಪ್ಪು ಹಾಕಿದೀರಿ ಎಂದಳು ಇವಳು. "ತಪ್ಪಲ್ಲ ಹುಡುಗಿ, ಉಲ್ಟಾ. ದೊಡ್ಡ ಪ್ರಪಂಚಾನ ಚಿಕ್ಕದು ಮಾಡಿ ಒಳಗೆ ಕಳಿಸೋ ಗಾಜು ಇದು. ತಿರುಗಿಸಿದ್ರೆ ಚಿಕ್ಕದನ್ನ ದೊಡ್ಡದು ಮಾಡತ್ತೆ. ಅಂಗಡಿಯವರು ಇದಕ್ಕೇಂತ ಬೇರೆ ಗಾಜು ಮಾರ್ತಾರೆ, ಬೇಡ. ಹಳೇ ಸಾಮಾನಿನಂಗಡೀಲಿ ಎಸೆದಿರೋ ಒಂದು ಮಸೂರ, ಅಂಚೇಲಿ ಬರೋ ಒಂದು ಉಂಗುರ, ಅಷ್ಟೆ." ಆಮೇಲೆ ತನ್ನದೇ ಹಳೆಯ ಮಸೂರವೊಂದನ್ನು ಇವಳ ಕೈಯಲ್ಲಿಟ್ಟಿದ್ದ. ಅದರ ಮುಖವನ್ನು ಉಂಗುರದ ಮೂಲಕ ಕ್ಯಾಮೆರಾಕ್ಕೆ ತಿರುಪಿ ಕೂರಿಸಿದರೆ ಬೆನ್ನು ಲೋಕದ ಕಡೆಗೆ. ಹುಳ ಕಾಣಬೇಕಾದರೆ ನಾಲ್ಕು ಬೆರಳಗಲ ಹತ್ತಿರ ಹೋಗಬೇಕು, ಸಭ್ಯರು ಯಾರ ಮುಖಕ್ಕೂ ಹೋಗದಷ್ಟು ಹತ್ತಿರ. ಸ್ಪಷ್ಟವಾಗಿ ಕಾಣುವುದು ಕೂದಲೆಳೆಯಷ್ಟು ಪದರ ಮಾತ್ರ. ಕಣ್ಣು ಕಂಡರೆ ಕಾಲು ಮಸುಕು, ಕಾಲು ಕಂಡರೆ ಕಣ್ಣು ಮಸುಕು. ತಿರುಗಿಸಿ ಸರಿಮಾಡುವಂಥದ್ದೇನೂ ಇಲ್ಲ. ಮಂಡಿಯೂರಿ, ಉಸಿರು ಬಿಗಿಹಿಡಿದು, ಇಡೀ ಮೈಯನ್ನು ಹಿಂದಕ್ಕೂ ಮುಂದಕ್ಕೂ ತೂಗುತ್ತ ಕಾಯಬೇಕು. ಮೊದಲ ದಿನ ಒಂದು ಇರುವೆಯ ಮುಖ ಅವಳಿಗೆ ಕಂಡಿತು, ಅದಕ್ಕೊಂದು ಮುಖವಿತ್ತು. ಅಮ್ಮನ ಸಾಲಿನ ಮಣ್ಣಿನಲ್ಲಿ ಮಂಡಿ ಒದ್ದೆ ಮಾಡಿಕೊಂಡು ಅವಳು ಅತ್ತಿದ್ದಳು. ಹಾರ್ಮೆನ್ ಬೇರೆ ಕಡೆ ತಿರುಗಿ ಕಳೆ ಕೀಳುತ್ತಿದ್ದ.

ಕಾಲುವೆಯ ಮೇಲಿನ ಸೇತುವೆಯನ್ನು ದೋಣಿಗೆಂದು ಮೇಲಕ್ಕೆತ್ತಿದ್ದರು. ದೋಣಿಯೊಂದು ಸಾವಕಾಶವಾಗಿ ದಾಟುತ್ತಿತ್ತು. ಸೈಕಲ್ಲಿನ ಮೇಲೆ ಒಂದು ಕಾಲೂರಿ ಕಾಯುತ್ತ ಫ್ರೌಕೆ ತಾನು ಗೆದ್ದ ಸಂಜೆಯ ಮಾತನ್ನು ಮತ್ತೆ ಕೇಳಿಸಿಕೊಂಡಳು. ಹೊರಗಿನಿಂದ ಬಂದ ತೀರ್ಪುಗಾರ ಚಿತ್ರವನ್ನು ಹೊಗಳಿ ಮುಗಿಸಿದ್ದ. ಇಂಥ ತಾಳ್ಮೆ, ಇಂಥ ಹತ್ತಿರ, ಕಣ್ಣಿನಿಂದ ಕಾಲಿನ ತನಕ ಎಲ್ಲ ಸ್ಪಷ್ಟ. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದಾಗ ಹಿಂದಿನ ಸಾಲಿನಿಂದ ಹಾರ್ಮೆನ್ ತನ್ನಷ್ಟಕ್ಕೇ ಹೇಳಿಕೊಂಡವನಂತೆ ಹೇಳಿದ್ದ, "ಅದು ಕೂತದ್ದಲ್ಲ. ಇಟ್ಟದ್ದು." ಚಪ್ಪಾಳೆ ನಿಂತಿತು. ಆ ಸಲ ಎರಡನೆಯ ಬಹುಮಾನ ಹಾರ್ಮೆನ್‌ನ ಚಿತ್ರಕ್ಕೆ ಬಂದಿದ್ದರಿಂದ ಕೆಲವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಧ್ಯಕ್ಷ ಎವರ್ಟ್, "ಹಾರ್ಮೆನ್, ಕನ್ನಡಕ ಒರೆಸ್ಕೊಳಯ್ಯಾ" ಎಂದ. ಕೋಣೆಯೆಲ್ಲ ನಕ್ಕಿತು. ಮುದುಕ ನಗಲಿಲ್ಲ, ಸಿಟ್ಟಾಗಲೂ ಇಲ್ಲ. ತಿರುಗಿ ಇವಳನ್ನು ನೋಡಿ, ತೋಟದಲ್ಲಿ ಬೀಜದ ವಿಷಯ ಕೇಳುವ ದನಿಯಲ್ಲೇ, "ಫ್ರೌಕೆ, ಅದು ಬದುಕಿತ್ತಾ?" ಎಂದು ಕೇಳಿದ. "ಇತ್ತು" ಎಂದಳು ಅವಳು. ನಾಲಿಗೆಗೆ ಅದು ಎಷ್ಟು ಹಗುರಾಗಿತ್ತೆಂದರೆ ಹೇಳಿದಮೇಲೂ ಹೇಳಿದೆನೋ ಇಲ್ಲವೋ ಎಂದು ಅನುಮಾನವಾಯಿತು. ಹಾರ್ಮೆನ್ ಎದ್ದು ನಿಂತು, ಹಾಗಾದರೆ ನನ್ನದು ತಪ್ಪು, ಎಲ್ಲರ ಮುಂದೆ ಹೇಳಿದ್ದನ್ನು ಎಲ್ಲರ ಮುಂದೆಯೇ ಹಿಂದಕ್ಕೆ ತಗೊಳ್ತೀನಿ ಎಂದು ಹೇಳಿ ಕೂತ. ಕೂರುವಾಗ ಕುರ್ಚಿ ಎಲ್ಲಿದೆಯೆಂದು ಹಿಂದಕ್ಕೆ ಕೈಯಾಡಿಸಿ ನೋಡಿಕೊಂಡ. ಅವನು ಹಾಗೆ ಮಾಡಿದ್ದನ್ನು ಅವಳು ಅದಕ್ಕೆ ಮೊದಲು ಕಂಡಿರಲಿಲ್ಲ.

ತೋಟದ ಗುಡಿಸಲಿನ ಬೀಗ ತೆಗೆಯುತ್ತಿದ್ದಾಗ ಅವನ ಸೈಕಲ್ಲಿನ ಸದ್ದಾಯಿತು. ಹಿಂದಿನ ಕ್ಯಾರಿಯರ್‌ಗೆ ಒಂದು ಮರದ ಪೆಟ್ಟಿಗೆ ಕಟ್ಟಿಕೊಂಡು ಬಂದಿದ್ದ. ಅವಳು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ, ಡಬ್ಬಿಯಿಂದ ತಲಾ ಒಂದು ಬಿಸ್ಕತ್ತು ಕೊಟ್ಟು ಮುಚ್ಚಳ ಹಾಕಿದಳು. ಬಟಾಣಿ ಬಳ್ಳಿಗೆ ಈ ಸಲ ಪಾರಿವಾಳದ ಕಾಟವೆಂದೂ, ಗಾಳಿ ಕೊನೆಗೂ ನಿಂತಿತೆಂದೂ ಹಾರ್ಮೆನ್ ಹೇಳಿದ. ಕಣ್ಣಿನ ವೈದ್ಯರ ಹತ್ತಿರ ಹೋಗಿದ್ದನಂತೆ. ಪೊರೆ ಸ್ವಲ್ಪ ಇದೆ, ಆದರೆ ಈಗಲೇ ಏನೂ ಮಾಡಬೇಕಾಗಿಲ್ಲ ಎಂದರಂತೆ. ಹೇಳುತ್ತ ಹೇಳುತ್ತ ಪೆಟ್ಟಿಗೆಯ ಹಗ್ಗ ಬಿಚ್ಚಿ, ಅದನ್ನು ಅವಳ ಮೊಣಕಾಲಿನ ಮೇಲಿಟ್ಟ. ಒಳಗೆ ಅವನ ಮಸೂರಗಳು, ಒಂದೊಂದೂ ಒಂದೊಂದು ಉಣ್ಣೆಯ ಕಾಲುಚೀಲದಲ್ಲಿ. ಕೆಲವು ಚೀಲಗಳಿಗೆ ಹಿಮ್ಮಡಿಯಲ್ಲಿ ತೇಪೆ ಹಾಕಿತ್ತು. ತೀರಿಹೋದ ಹೆಂಡತಿ ಹಾಕಿದ್ದಿರಬೇಕು.

"ಇದ್ಯಾಕೆ?" ಎಂದಳು ಫ್ರೌಕೆ.

"ನಿನಗೆ. ನನಗಿನ್ನು ಬೇಡ."

"ವೈದ್ಯರು ಏನೂ ಇಲ್ಲ ಅಂದ್ರಲ್ಲ."

"ಅವರು ಗೋಡೇಲಿರೋ ಅಕ್ಷರ ಓದಿಸ್ತಾರೆ. ಅಕ್ಷರ ನನಗೆ ಕಾಣತ್ತೆ." ಅವನು ಬಿಸ್ಕತ್ತನ್ನು ಕಾಫಿಯಲ್ಲಿ ಅದ್ದಿ, ಮುರಿದು ಬೀಳುವ ಮೊದಲೇ ಬಾಯಿಗಿಟ್ಟುಕೊಂಡ. "ಬದುಕಿರೋ ಹುಳಾನ ನೋಡಿ ಸತ್ತಿದೆ ಅಂದೆನಲ್ಲ ಹುಡುಗಿ. ಅದೊಂದನ್ನ ನಾನು ಯಾವತ್ತೂ ತಪ್ಪಿರಲಿಲ್ಲ. ಅದೂ ಹೋಯ್ತು ಅಂದ್ರೆ ಇನ್ನೇನು ನೋಡೋದು? ಮನೇಲಿ ಗಿಡದ ಮುಂದೆ ಕೂತ್ಕೊಂಡ್ರೂ, ಇದು ಬಾಡಿದೆಯೋ, ನನಗೇ ಹಾಗೆ ಕಾಣತ್ತೋ ಅಂತ ಮುಟ್ಟಿ ಮುಟ್ಟಿ ನೋಡ್ತೀನಿ."

ಹೇಳಬೇಕಾದದ್ದು ಆಗಲೇ. ಅವಳು ನೋಡಿದ್ದು ಮಾತ್ರ ಅವನ ಕೈಯನ್ನು, ಕಾಫಿಯ ಬಟ್ಟಲನ್ನು ಸುತ್ತುವರಿದಿದ್ದ ಉಗುರಲ್ಲಿ ಮಣ್ಣಿದ್ದ ಕೈಯನ್ನು. ಅಮ್ಮನ ಕೋಣೆಯಲ್ಲೂ ಅವನು ಹೀಗೇ ಬಟ್ಟಲು ಹಿಡಿದು ನಿಂತಿದ್ದ. ಊರವರೆಲ್ಲ ಬಂದು ನೋಡಿ ಹೋಗಲೆಂದು ತೀರಿಕೊಂಡ ಅಮ್ಮನನ್ನು ಮನೆಯಲ್ಲೇ ಮಲಗಿಸಿದ್ದರು, ದೇಹ ಕೆಡದಿರಲೆಂದು ಹಾಸಿಗೆಯ ಕೆಳಗೆ ತಣ್ಣನೆಯ ಹಲಗೆ, ಅದರ ಯಂತ್ರ ಹಗಲೂ ರಾತ್ರಿ ಗುಂಯ್‌ಗುಟ್ಟುತ್ತಿತ್ತು. ಫ್ರೌಕೆಯೇ ಅಮ್ಮನ ಕೂದಲು ತೊಳೆದು ಸುರುಳಿ ಮಾಡಿದ್ದಳು. ಕೈಗಳು ಸರಿ ಕಾಣುತ್ತಿಲ್ಲವೆಂದು ಗೇರ್ಟಾ ಹೇಳಿದ್ದಕ್ಕೆ ಬಲಗೈಯನ್ನೆತ್ತಿ ಎಡಗೈಯ ಮೇಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಸಡಿಲವಾಗಿ ಬಾಗಿಸಿ ಕೂರಿಸಿದ್ದಳು. ಬಂದವರೆಲ್ಲ ಎಷ್ಟು ನೆಮ್ಮದಿಯಾಗಿ ಮಲಗಿದ್ದಾಳೆ, ಈಗ ಎದ್ದು ಕಾಫಿ ಕೊಡ್ತಾಳೇನೋ ಅನಿಸುತ್ತೆ ಎಂದರು. ಫ್ರೌಕೆಗೆ ಒಳಗೊಳಗೇ ಹೆಮ್ಮೆಯಾಯಿತು. ಹಾರ್ಮೆನ್ ಮಾತ್ರ ಆ ಕೈಯನ್ನೇ ಬಹಳ ಹೊತ್ತು ನೋಡಿ, ಬಟ್ಟಲನ್ನು ತಾನೇ ತೊಳೆದಿಟ್ಟು ಹೋದ. ಅಮ್ಮ ಯಾವತ್ತೂ ಹಾಗೆ ಕೈಮೇಲೆ ಕೈಯಿಟ್ಟು ಕೂತವಳಲ್ಲ, ಮಲಗಿದಾಗಲೂ ಹೊದಿಕೆಯ ಅಂಚನ್ನು ಮುಷ್ಟಿಯಲ್ಲಿ ಹಿಡಿದಿರುತ್ತಿದ್ದಳು. ಬೇಲಿಯಾಚೆಗಿದ್ದವನಿಗೆ ಆ ಕೈ ಗೊತ್ತಿತ್ತು. ಇವಳಿಗೂ ಗೊತ್ತಿತ್ತು. ಸುಂದರವಾಗಿ ಕಾಣಲಿ ಎಂಬ ಆಸೆಯಲ್ಲಿ ಗೊತ್ತಿದ್ದನ್ನು ಪಕ್ಕಕ್ಕಿಟ್ಟಿದ್ದಳು.

"ಸಂಜೆ ಬರ್ತೀರಲ್ಲ?" ಎಂದು ಕೇಳಿದಳು. ಕೇಳಿದ್ದು ಅಷ್ಟೇ. "ಬರ್ತೀನಿ. ನಿನ್ನ ಕೇಕ್ ಬಿಡೋಕಾಗತ್ತಾ?" ಎಂದ ಹಾರ್ಮೆನ್, ಎದ್ದು, ಕೆಳಗೆ ಬಿದ್ದ ಬಿಸ್ಕತ್ತಿನ ಚೂರನ್ನು ಕಾಲಿನಿಂದ ಇರುವೆಗಳ ಕಡೆ ಸರಿಸಿ ಹೊರಟುಹೋದ. ಪೆಟ್ಟಿಗೆ ಅವಳ ಮೊಣಕಾಲಿನ ಮೇಲೇ ಇತ್ತು. ಥ್ಯಾಂಕ್ಸ್ ಎಂದೂ ಹೇಳಿಬಿಟ್ಟಿದ್ದಳು. ಯಾವಾಗ ಹೇಳಿದೆನೆಂದು ನೆನಪು ಮಾಡಿಕೊಂಡು ಅವಳ ಕಿವಿ ಬಿಸಿಯಾಯಿತು.

ಗುಡಿಸಲಿನ ದಕ್ಷಿಣದ ಗೋಡೆಗೆ ಅಮ್ಮ ಮೊಳೆ ಹೊಡೆದು ಕೂರಿಸಿದ್ದ ಮರದ ದಿಮ್ಮಿ ಇತ್ತು, ಒಂಟಿ ಜೇನ್ನೊಣಗಳ ಗೂಡಿಗೆಂದು ತೂತು ಕೊರೆದದ್ದು. ಬಿಸಿಲು ಬಿದ್ದು ಅಲ್ಲಿ ಓಡಾಟ ಶುರುವಾಗಿತ್ತು. ಫ್ರೌಕೆ ಕ್ಯಾಮೆರಾ ತೆಗೆದು ಮಂಡಿಯೂರಿದಳು. ಒಂದು ನೊಣ ತೂತಿನಿಂದ ಮುಖ ಹೊರಹಾಕಿತ್ತು. ಅವಳು ಉಸಿರು ಹಿಡಿದು ಮುಂದಕ್ಕೆ ಬಾಗಿದಳು. ಮಾಸದ ಹೊಳಪಿನ ಒಂದು ಕಣ್ಣು ಸ್ಪಷ್ಟವಾಗಿ ಬಂತು, ಹೋಯಿತು. ಅದು ಕುಡಿಮೀಸೆಯನ್ನು ಮುಂಗಾಲಿನಿಂದ ಎಳೆದು ಒರೆಸಿಕೊಂಡಿತು. ಆ ಕಾಲು ಎಲ್ಲೂ ಸುಮ್ಮನೆ ನಿಲ್ಲುತ್ತಿರಲಿಲ್ಲ, ನಿಂತರೆ ತುದಿಯ ಕೊಕ್ಕೆಗಳು ಮರದ ನಾರನ್ನು ಗಟ್ಟಿಯಾಗಿ ಹಿಡಿದುಕೊಂಡೇ ನಿಲ್ಲುತ್ತಿದ್ದವು. ಹೊದಿಕೆಯ ಅಂಚು ಹಿಡಿದ ಹಾಗೆ. ಅವಳು ತೆಗೆದ ಚಿತ್ರಗಳೆಲ್ಲ ಅಲುಗಿದವು, ಒಂದೂ ಸರಿಯಿರಲಿಲ್ಲ. ಒಂದರಲ್ಲಂತೂ ನೊಣವೇ ಇರಲಿಲ್ಲ, ತೂತಿನ ಕತ್ತಲೆ ಮಾತ್ರ. ಅಳಿಸಲು ಬೆರಳಿಟ್ಟವಳು ಅಳಿಸಲಿಲ್ಲ.

ಸಂಘ ಸೇರುವ ಕೋಣೆಯಲ್ಲಿ ಸಂಜೆಯಾದರೂ ಬೆಳಕು ತಗ್ಗಿರಲಿಲ್ಲ. ಪರದೆ ಕಾಣಲೆಂದು ಕಿಟಕಿಗಳಿಗೆಲ್ಲ ದಪ್ಪ ಬಟ್ಟೆ ಎಳೆದಿದ್ದರು. ಮೊದಲು ಕೇಕು. ಸಿಪ್ಕೊ ಒಲೆಯಿಂದ ಹೊತ್ತಿಗೆ ಸರಿಯಾಗಿ ತೆಗೆದಿದ್ದ. ಸೇಬು ಮೆತ್ತಗಾಗಿತ್ತು. ಎವರ್ಟ್ ಎರಡನೆಯ ತುಂಡಿಗೆ ತಟ್ಟೆ ಚಾಚಿ, ಇನ್ನೂ ಕೆಟ್ಟದಾಗಿರಬಹುದಿತ್ತು ಎಂದ. ಈ ಕಡೆಯವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಬರುವುದಿಲ್ಲ. ಎಲ್ಲರೂ ತನ್ನ ಕೇಕನ್ನು ಅಗಿಯುತ್ತಿರುವುದನ್ನು ನೋಡುತ್ತ ಫ್ರೌಕೆಗೆ ತಾನು ಒಬ್ಬೊಬ್ಬರ ಬಾಯಿಗೂ ಏನನ್ನೋ ತುರುಕಿ ಮಾತಾಡದಂತೆ ಮಾಡುತ್ತಿದ್ದೇನೆ ಅನ್ನಿಸಿತು. ಹಾರ್ಮೆನ್ ಹಿಂದಿನ ಸಾಲಿನಲ್ಲಿದ್ದ. ತಟ್ಟೆಯ ಮೇಲೆ ಉಳಿದ ಚೂರನ್ನು ಬೆರಳಿನಿಂದ ತಡವಿ ತಡವಿ ಎತ್ತಿಕೊಳ್ಳುತ್ತಿದ್ದ. ಅವನು ತಟ್ಟೆ ಇಡಲು ಅಡುಗೆಯ ಮೂಲೆಗೆ ಹೋದಾಗ ಅವಳು ಚೀಲದಿಂದ ಮರದ ಪೆಟ್ಟಿಗೆಯನ್ನು ತೆಗೆದು ಅವನ ಕುರ್ಚಿಯ ಮೇಲಿಟ್ಟು, ಮುಂದಕ್ಕೆ ಬಂದಳು.

ಚಿತ್ರ ಬಿತ್ತು. ಗೋಡೆಯಗಲ. ಬಿಳಿ ಎಸಳುಗಳು, ಒಂದೊಂದು ಕೆಂಪು ಕೂದಲಿನ ತುದಿಗೂ ಒಂದೊಂದು ಹನಿ. ಹನಿಯ ಒಳಗೆ ಕಿಟಕಿ ತಲೆಕೆಳಗಾಗಿ ಕಾಣುತ್ತಿತ್ತು, ತನ್ನ ಅಡುಗೆಮನೆಯ ಕಿಟಕಿ. ಇಷ್ಟು ದಿನ ಅದನ್ನು ಯಾರೂ ನೋಡಿರಲಿಲ್ಲ, ಅವಳೂ ನೋಡಿರಲಿಲ್ಲ. ಪ್ರೊಜೆಕ್ಟರಿನ ಒಳಗಿನ ಫ್ಯಾನು ಸಣ್ಣಗೆ ಗುಂಯ್‌ಗುಟ್ಟುತ್ತಿತ್ತು. ಅವಳು ದಾರಿಯುದ್ದಕ್ಕೂ ಒಂದು ಮಾತು ಕಟ್ಟಿಕೊಂಡು ಬಂದಿದ್ದಳು, ಉಂಗುರದಿಂದ ಶುರುಮಾಡಿ, ಗಾಳಿಯ ವಿಷಯ ಹೇಳಿ, ಮೆಲ್ಲಗೆ ಅಲ್ಲಿಗೆ ತಲುಪುವಂಥದ್ದು. ಅದೂ ಒಂದೊಂದೇ ಬೆರಳು ಬಾಗಿಸಿ ಕೂರಿಸುವ ಕೆಲಸವೇ ಅನ್ನಿಸಿತು.

"ಇದು ಸತ್ತಿತ್ತು," ಎಂದಳು.

ಯಾರೋ ನಕ್ಕರು. ಗೆದ್ದವಳಿಗೆ ತಮಾಷೆ ಹೆಚ್ಚಾಗಿದೆ ಎಂದ ಎವರ್ಟ್, ಬಾಯಲ್ಲಿ ಕೇಕಿದ್ದಂತೆಯೇ.

"ತಮಾಷೆ ಅಲ್ಲ. ಫ್ರಿಜ್ಜಲ್ಲಿಟ್ಟು ಮರೆತೆ, ಸತ್ತುಹೋಯ್ತು. ಆಮೇಲೆ ಹೂವಿನ ಮೇಲೆ ನಾನೇ ಇಟ್ಟೆ, ಜೇನು ಅಂಟಿಸಿ. ಕಾಲೂ ನಾನೇ ಬಿಡಿಸಿದ್ದು. ಹೋದ ಸಲ ಹಾರ್ಮೆನ್ ಕೇಳಿದಾಗ ನನಗೆ ಗೊತ್ತಿತ್ತು. ಗೊತ್ತಿದ್ದೂ, ಬದುಕಿತ್ತು ಅಂದೆ." ಇನ್ನೂ ಏನೋ ಹೇಳಬೇಕಿತ್ತು, ಕ್ಷಮೆಯ ಮಾತು, ಆದರೆ ಅದು ಬಾಯಿಗೆ ಬರುವ ಹೊತ್ತಿಗೆ ತೀರಾ ಚಂದವಾಗಿ ಜೋಡಿಸಿಕೊಂಡು ಬಂದದ್ದರಿಂದ ನುಂಗಿಕೊಂಡಳು.

ಚಮಚಗಳ ಸದ್ದು ನಿಂತಿತು. ಮುಂದಿನ ಸಾಲಿನವರೊಬ್ಬರು ಕೈಯಲ್ಲಿದ್ದ ತಟ್ಟೆಯನ್ನು ಮೆಲ್ಲಗೆ ನೆಲಕ್ಕಿಟ್ಟರು, ತಿನ್ನುವುದೋ ಬಿಡುವುದೋ ತಿಳಿಯದೆ. ಎವರ್ಟ್ ಚಿತ್ರವನ್ನು ನೋಡಲಿಲ್ಲ, ಹಿಂದಿನ ಸಾಲಿನ ಕಡೆಗೂ ನೋಡಲಿಲ್ಲ, ತನ್ನ ಬೂಟುಗಳನ್ನು ನೋಡಿಕೊಂಡ. ಹಾರ್ಮೆನ್ ಅಡುಗೆಯ ಮೂಲೆಯಲ್ಲೇ ನಿಂತಿದ್ದ. ಅವನ ಮುಖದಲ್ಲಿ ಏನಿದೆಯೆಂದು ಕತ್ತಲಲ್ಲಿ ಅವಳಿಗೆ ಕಾಣಲಿಲ್ಲ. ಅವನು ಕನ್ನಡಕ ತೆಗೆದ. ಅಂಗಿಯ ತುದಿಯನ್ನು ಹೊರಗೆಳೆದು ಗಾಜುಗಳನ್ನು ನಿಧಾನವಾಗಿ ಒರೆಸಿ, ಮತ್ತೆ ಹಾಕಿಕೊಂಡು, ಕುರ್ಚಿಗಳ ನಡುವೆ ನಡೆದು ಬಂದ. ಅವಳನ್ನು ದಾಟಿಹೋಗುವಾಗ ಅವಳ ಕಡೆ ತಿರುಗಲಿಲ್ಲ. ಪರದೆಗೆ ನಾಲ್ಕು ಬೆರಳಗಲ ಹತ್ತಿರ ಹೋಗಿ ನಿಂತ. ಅವನ ತಲೆಯ ನೆರಳು ನೊಣದ ಮೇಲೆ ಬಿತ್ತು. ನೆರಳು ಬೀಳದ ಹಾಗೆ ಒಂದು ಪಕ್ಕಕ್ಕೆ ಸರಿದು, ಇಡೀ ಮೈಯನ್ನು ಸ್ವಲ್ಪ ಮುಂದಕ್ಕೆ, ಸ್ವಲ್ಪ ಹಿಂದಕ್ಕೆ ತೂಗಿದ.

"ಹಿಂಗಾಲು," ಎಂದ, ತನ್ನಷ್ಟಕ್ಕೇ. "ಕೊಕ್ಕೆ ಎಸಳಿಗೆ ತಾಗೇ ಇಲ್ಲ."

ಫ್ರೌಕೆ ಪರದೆಯ ಪಕ್ಕದಲ್ಲಿ, ಕೂರಲು ತನಗೆ ಇನ್ನು ಈ ಕೋಣೆಯಲ್ಲಿ ಯಾವ ಕುರ್ಚಿ ಎಂದು ಗೊತ್ತಾಗದೆ, ಕೈಗಳನ್ನು ಎಲ್ಲಿಡಬೇಕೆಂದೂ ಗೊತ್ತಾಗದೆ ನಿಂತಿದ್ದಳು. ಕಡೆಗೆ ಎವರ್ಟ್ ಗಂಟಲು ಸರಿಮಾಡಿಕೊಂಡು ಎದ್ದ. ಇದನ್ನು ಆಮೇಲೆ ಮಾತಾಡೋಣ, ಸದ್ಯ ದೀಪ ಹಾಕ್ತೀನಿ ಎನ್ನುತ್ತ ಗೋಡೆಯ ಕಡೆ ಹೊರಟ.

"ತಡಿ," ಎಂದ ಹಾರ್ಮೆನ್, ತಿರುಗಿ ನೋಡದೆ. "ನಾನಿನ್ನೂ ನೋಡ್ತಿದೀನಿ."